ಕವಿಯೋ ಕಲಾವಿದನೋ: ಸಾಹಿತ್ಯ ಪ್ರಶಸ್ತಿಯ ನಿಯಮಗಳು ಮತ್ತು ಮೌಖಿಕ ಕಾವ್ಯ

ಕನ್ನಡದಲ್ಲಿ ಕವಿಗೆ ಸಂದ ಮನ್ನಣೆಯ ಚರಿತ್ರೆ ಕಾವ್ಯದ ಚರಿತ್ರೆಯಷ್ಟೇ ಹಳೆಯದು. ಪಂಪನು ಅರಿಕೇಸರಿಯಿಂದ ಧರ್ಮಪುರವೆಂಬ ಅಗ್ರಹಾರವನ್ನು ಪಡೆದನು. ಅವನ ತಮ್ಮ ಜಿನವಲ್ಲಭನ ಕುರ್ಕ್ಯಾಲ ಶಾಸನವೂ ಈ ದತ್ತಿಯನ್ನು ಉಲ್ಲೇಖಿಸುತ್ತದೆ. ಪೊನ್ನ, ರನ್ನ, ಜನ್ನರು ಕವಿಚಕ್ರವರ್ತಿಗಳೆನಿಸಿದರು. ಇದೇ ನಾಡಿನ ನೀಲಗಾರರಿಗೂ ಕಂಸಾಳೆಯವರಿಗೂ ಸಂದದ್ದು ಪಡಿ, ಭಿಕ್ಷೆ. ಅದಕ್ಕೆ ಶಾಸನವಿಲ್ಲ. ಆದರೆ ಮೊರದಲ್ಲಿ ರಾಗಿ ತಂದು ಸುರಿದ ಮನೆಯಾಕೆ, ಹಾಡಿದವನು ಕವಿಯೋ ಗಾಯಕನೋ ಎಂದು ವಿಚಾರಿಸುತ್ತಿರಲಿಲ್ಲ. ಆ ಪ್ರಶ್ನೆಯನ್ನು ಎತ್ತಿದ್ದು ಆಧುನಿಕ ಪ್ರಶಸ್ತಿ ವ್ಯವಸ್ಥೆ.

1954ರಲ್ಲಿ ಸ್ಥಾಪನೆಯಾದ ಕೇಂದ್ರ ಸಾಹಿತ್ಯ ಅಕಾದೆಮಿ 1955ರಿಂದ ವಾರ್ಷಿಕ ಪ್ರಶಸ್ತಿಗಳನ್ನು ನೀಡತೊಡಗಿತು. ಆ ವರ್ಷ ಕನ್ನಡಕ್ಕೆ ಬಂದ ಪ್ರಶಸ್ತಿ ಕುವೆಂಪು ಅವರ 'ಶ್ರೀರಾಮಾಯಣ ದರ್ಶನಂ' ಕೃತಿಗೆ ಸಂದಿತು. ಜ್ಞಾನಪೀಠವೂ 1980ರ ದಶಕದ ಆರಂಭದವರೆಗೆ ಒಂದು ನಿರ್ದಿಷ್ಟ ಕೃತಿಯನ್ನೇ ಗುರುತಿಸುತ್ತಿದ್ದು, ಅನಂತರ ಸಾಹಿತಿಯ ಸಮಗ್ರ ಕೊಡುಗೆಯನ್ನು ಪರಿಗಣಿಸತೊಡಗಿತು. ಅಕಾದೆಮಿಯ ವಾರ್ಷಿಕ ಪ್ರಶಸ್ತಿಗೆ ಕೃತಿಯು ನಿಗದಿತ ಅವಧಿಯಲ್ಲಿ ಮೊದಲ ಬಾರಿಗೆ ಅಚ್ಚಾಗಿರಬೇಕು. ಅನುವಾದ, ಸಂಕಲನ, ಸಂಪಾದಿತ ಗ್ರಂಥಗಳು ಅರ್ಹವಲ್ಲ. ಮೇಲ್ನೋಟಕ್ಕೆ ಇದು ನ್ಯಾಯವಾದ ನಿಯಮವೇ. ಆದರೆ ಮೌಖಿಕ ಮಹಾಕಾವ್ಯವೊಂದು ಅಚ್ಚಿಗೆ ಬರುವುದು ಸಂಪಾದಿತ ಗ್ರಂಥವಾಗಿಯೇ. ಹಾಡಿದವರು ಬರೆದವರಲ್ಲ, ಸಂಪಾದಿಸಿದವರು ಕಟ್ಟಿದವರಲ್ಲ. ಹೀಗಾಗಿ ಇಬ್ಬರೂ ಹೊರಗುಳಿಯುತ್ತಾರೆ, ಅವರೊಂದಿಗೆ ಕಾವ್ಯವೂ.

ಈ ವಿಷಯದಲ್ಲಿ ಜಾನಪದ ವಿದ್ವಾಂಸರ ಪಾಲೂ ಕಡಿಮೆಯದಲ್ಲ. ದಶಕಗಳ ಕಾಲ ನಮ್ಮ ಸಂಗ್ರಹಗಳ ಮುಖಪುಟದಲ್ಲಿ ಸಂಪಾದಕರ ಹೆಸರೂ, ಕೊನೆಯ ಪುಟದ ಸಣ್ಣ ಅಕ್ಷರಗಳಲ್ಲಿ 'ವಕ್ತೃ'ಗಳ ಪಟ್ಟಿಯೂ ಅಚ್ಚಾಗುತ್ತಿದ್ದವು. 'ಜನಪದರಿಗೆ ಕರ್ತೃತ್ವವಿಲ್ಲ' ಎಂಬ ಸಿದ್ಧಾಂತವು ಈ ಅಭ್ಯಾಸಕ್ಕೆ ಅನುಕೂಲಕರವಾಗಿ ಒದಗಿತು.

ಇದಕ್ಕೆ ಭಿನ್ನವಾದ ನಿದರ್ಶನ ತುಳುನಾಡಿನದು. ಬೆಳ್ತಂಗಡಿ ತಾಲ್ಲೂಕಿನ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ, ಅನ್ನೆಲಿ ಹೊಂಕೊ, ನಮ್ಮವರಾದ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರು ಧ್ವನಿಮುದ್ರಿಸಿಕೊಂಡರು. ಅದರ ಪಠ್ಯ 15,683 ಸಾಲುಗಳದು. 1998ರಲ್ಲಿ ಹೆಲ್ಸಿಂಕಿಯಿಂದ ಪ್ರಕಟವಾದ ಸಂಪುಟಗಳ ಶೀರ್ಷಿಕೆಯಲ್ಲಿಯೇ 'ಗೋಪಾಲ ನಾಯ್ಕರು ಹಾಡಿದಂತೆ' ಎಂಬ ಉಲ್ಲೇಖವಿದೆ. ಇಡೀ ಪರಂಪರೆಯೊಳಗೆ ಒಬ್ಬ ಕವಿಯ ಕೈವಾಡವನ್ನು ಗುರುತಿಸಿದ ಶೀರ್ಷಿಕೆಯಿದು. ಅಕಾದೆಮಿಯು 1996ರಲ್ಲಿ ಭಾಷಾ ಸಮ್ಮಾನವನ್ನು ಆರಂಭಿಸಿದಾಗ ತುಳುವಿನಲ್ಲಿ ಅದನ್ನು ಪಡೆದವರಲ್ಲಿ ಮಂದಾರ ಕೇಶವ ಭಟ್ಟರಿದ್ದರು. ಅರ್ಹರಿಗೇ ಅದು ಸಂದಿತು, ಸಂದೇಹವಿಲ್ಲ. ಆದರೆ ಭಟ್ಟರ ರಾಮಾಯಣ ಬರೆದು ಅಚ್ಚು ಹಾಕಿಸಿದ ಕಾವ್ಯವಾಗಿತ್ತು.

ಮೌಖಿಕ ಕವಿಗಳಿಗೆ ಗೌರವವೇ ದೊರೆಯಲಿಲ್ಲ ಎನ್ನುವಂತಿಲ್ಲ. ಕುಮಾರರಾಮನ ಕಥೆಯೂ ಸೇರಿದಂತೆ ಹಲವು ಕಾವ್ಯಗಳನ್ನು ಕಂಠಸ್ಥ ಮಾಡಿಕೊಂಡಿದ್ದ ದರೋಜಿ ಈರಮ್ಮನವರಿಗೆ 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿಯೂ 2003ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವವೂ ಬಂದವು. ಪಂಪನಿಗೆ ಸಲ್ಲುವ ಬಿರುದು ಬುಡ್ಗ ಜಂಗಮ ಸಮುದಾಯದ ಹೆಣ್ಣುಮಗಳಿಗೆ ಸಂದದ್ದು ಸಣ್ಣ ಸಂಗತಿಯಲ್ಲ. ಹಾಲಕ್ಕಿ ಸಮುದಾಯದ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದದ್ದು ಮಾತ್ರ 'ಕಲೆ' ವಿಭಾಗದಲ್ಲಿ, 'ಸಾಹಿತ್ಯ ಮತ್ತು ಶಿಕ್ಷಣ' ವಿಭಾಗದಲ್ಲಲ್ಲ. ಸಾವಿರಾರು ಹಾಡುಗಳನ್ನು ನೆನಪಿನಲ್ಲಿ ಹೊತ್ತಿದ್ದವರನ್ನು ಆಡಳಿತದ ಕಡತ ಕಂಡದ್ದು ಕಂಠವಾಗಿ, ಕವಿಯಾಗಿ ಅಲ್ಲ.

ಒಂದು ಕೃತಿಗೆ ಇಬ್ಬರು ಹಕ್ಕುದಾರರಿರಬಹುದೆಂಬ ತತ್ತ್ವ ಪ್ರಶಸ್ತಿ ಲೋಕಕ್ಕೆ ಅಪರಿಚಿತವೇನಲ್ಲ. 2025ರಲ್ಲಿ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್' ಕಥಾಸಂಕಲನಕ್ಕೆ ಅಂತರರಾಷ್ಟ್ರೀಯ ಬೂಕರ್ ದೊರೆತಾಗ, 50,000 ಪೌಂಡುಗಳ ಬಹುಮಾನ ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿಯವರಿಗೂ ಸಮನಾಗಿ ಹಂಚಿಕೆಯಾಯಿತು. ಹಾಡಿದವರು ಮತ್ತು ಪಠ್ಯವಾಗಿಸಿದವರ ನಡುವೆಯೂ ಇಂಥ ಹಂಚಿಕೆಗೆ ತಾತ್ತ್ವಿಕ ಅಡ್ಡಿಯಿಲ್ಲ. ಅಡ್ಡಿಯಿರುವುದು 'ಸಂಪಾದಿತ ಗ್ರಂಥ' ಎಂಬ ಒಂದು ಪದದಲ್ಲಿ.

ಫೆಲೋಶಿಪ್‌ಗಳ ವಿಚಾರ ಇನ್ನೂ ಸೂಕ್ಷ್ಮವಾದುದು. ಪ್ರಶಸ್ತಿ ಆದ ಕೆಲಸಕ್ಕೆ ಸಲ್ಲುತ್ತದೆ, ಫೆಲೋಶಿಪ್ ಆಗಬೇಕಾದ ಕೆಲಸಕ್ಕೆ. ಕೇಂದ್ರ ಸಂಸ್ಕೃತಿ ಸಚಿವಾಲಯದ ಹಿರಿಯ, ಕಿರಿಯ ಫೆಲೋಶಿಪ್‌ಗಳು ಎರಡು ವರ್ಷದ ಅವಧಿಯವು. ಅವುಗಳಿಗೆ ಲಿಖಿತ ಯೋಜನೆ ಸಲ್ಲಿಸಬೇಕು. ಓದುಬರಹ ಬಾರದ ಕವಿಗೆ ಬಾಗಿಲು ಅಲ್ಲಿಯೇ ಮುಚ್ಚುತ್ತದೆ. ಅಂಥವರ ಪಾಲಿಗೆ ಉಳಿಯುವುದು ಸಂಕಷ್ಟದಲ್ಲಿರುವವರಿಗೆ ಸರ್ಕಾರ ನೀಡುವ ಮಾಸಾಶನ, ಅಂದರೆ ವೃದ್ಧಾಪ್ಯದ ಅನುಕಂಪ. ಮೌಖಿಕ ಕವಿಗೆ ಬೇಕಾದ ಬಿಡುವು ಒಬ್ಬರದಲ್ಲ. ಕಲಿಯುವವರೂ ಕೂಲಿ ಬಿಟ್ಟು ಬಂದು ಕೂರಬೇಕು. ವಲಯ ಸಾಂಸ್ಕೃತಿಕ ಕೇಂದ್ರಗಳ ಗುರು–ಶಿಷ್ಯ ಪರಂಪರೆ ಯೋಜನೆಯಲ್ಲಿ ಗುರುವಿಗೂ ಶಿಷ್ಯರಿಗೂ ಮಾಸಿಕ ಸಂಭಾವನೆಯ ಏರ್ಪಾಡಿದೆ. ಆದರೆ ಆ ಯೋಜನೆ ಇರುವುದು ಪ್ರದರ್ಶನ ಕಲೆಗಳಿಗೂ ಕುಶಲಕಲೆಗಳಿಗೂ. ಕಾವ್ಯದ ಹೆಸರಿನಲ್ಲಿ ಅಲ್ಲಿಗೆ ಪ್ರವೇಶವಿಲ್ಲ.