ಹಳೆಯ ಮನೆಗಳ ನೀರಿನ ಪೈಪುಗಳಲ್ಲಿ ಶಬ್ದ: ಕಾರಣ ಮತ್ತು ದುರಸ್ತಿ

ನೀರು ದಿನವಿಡೀ ಬಾರದೆ ಸರದಿಯಂತೆ ಬರುವ ಬಡಾವಣೆಗಳಲ್ಲಿ ನಡುವಿನ ಅವಧಿಯಲ್ಲಿ ಪೈಪು ಬರಿದಾಗಿ ಗಾಳಿ ತುಂಬಿಕೊಳ್ಳುತ್ತದೆ. ನೀರು ಬಿಟ್ಟೊಡನೆ ಕೇಳಿಬರುವ ಗೊರಗೊರ ಸದ್ದು ಈ ಗಾಳಿಯದು. ಎತ್ತರದಲ್ಲಿರುವ ನಳವೊಂದನ್ನು ಮೊದಲೇ ತುಸು ತೆರೆದಿಟ್ಟರೆ ಅದು ಅಡಗುತ್ತದೆ, ದುರಸ್ತಿಯ ಅಗತ್ಯವಿಲ್ಲ.

ನಳವನ್ನು ಥಟ್ಟನೆ ಮುಚ್ಚಿದಾಗ ಉಂಟಾಗುವ ‘ಧಡ್’ ಎಂಬ ಹೊಡೆತವನ್ನು ಮಾತ್ರ ಅಲಕ್ಷಿಸಬಾರದು. ಕಬ್ಬಿಣದ ಪೈಪಿನಲ್ಲಿ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹರಿಯುವ ನೀರು ಒಮ್ಮೆಲೇ ನಿಂತರೆ, 100 ಮೀಟರ್ ಎತ್ತರದ ನೀರಿನ ಭಾರಕ್ಕೂ ಮಿಗಿಲಾದ ಒತ್ತಡ ಕ್ಷಣಮಾತ್ರ ಉಂಟಾಗುತ್ತದೆ. ತುಕ್ಕು ಹಿಡಿದ ಜೋಡಣೆಗಳು ಇದರಿಂದ ಸಡಿಲಗೊಳ್ಳುತ್ತವೆ. ಸರಬರಾಜು ನಿಂತಾಗ ಅದೇ ಸಂದಿನಿಂದ ಚರಂಡಿಯ ಕೊಳಚೆ ಒಳಸೇರಿ, ಕುಡಿಯುವ ನೀರು ಕಲುಷಿತಗೊಂಡು ವಾಂತಿಭೇದಿ ಹರಡುವ ಸಂಭವವಿರುತ್ತದೆ. ಆದುದರಿಂದ ನಳವನ್ನು ನಿಧಾನವಾಗಿ ಮುಚ್ಚತಕ್ಕದ್ದು. ಗೋಡೆಯಿಂದ ಬಿಟ್ಟುಕೊಂಡ ಪೈಪಿಗೆ ರಬ್ಬರ್ ತುಂಡನ್ನಿಟ್ಟು ಕ್ಲ್ಯಾಂಪು ಹಾಕಿಸಬೇಕು. ಹಳೆಯ ಮಾಳಿಗೆ ಮನೆಗಳ ಮಣ್ಣಿನ ಗೋಡೆಯಲ್ಲಿ ಮೊಳೆ ನಿಲ್ಲದು. ಮೊದಲು ಮರದ ಗೂಟ ಹೊಡೆದು ಅದಕ್ಕೆ ಬಿಗಿಯುವುದು ಸೂಕ್ತ.

ಸಿಳ್ಳೆಯಂತಹ ಸದ್ದು ಬಹುತೇಕ ನಳದ ವಾಷರ್ ಸವೆದಿರುವುದರ ಲಕ್ಷಣ. ವಾಷರ್ ಬದಲಿಸಿದರೂ ನಿಲ್ಲದಿದ್ದಲ್ಲಿ, ಕೊಳವೆಬಾವಿಯ ಗಡಸು ನೀರಿನಿಂದ ಸುಣ್ಣದ ಪದರ ಕಟ್ಟಿ ಪೈಪು ಕಿರಿದಾಗಿರಬಹುದು. ಅದನ್ನು ಬಡಿದು ಸ್ವಚ್ಛಗೊಳಿಸಲು ಹೋದರೆ ಹಳೆಯ ಪೈಪು ಸೀಳುತ್ತದೆ. ಆ ಭಾಗವನ್ನೇ ಬದಲಿಸುವುದು ಮೇಲು.

ರಸ್ತೆಯ ಕಡೆಯ ಪೈಪಿನಲ್ಲಿ ಸದ್ದು ಅಥವಾ ಸೋರಿಕೆ ಕಂಡುಬಂದಲ್ಲಿ ಸಾರ್ವಜನಿಕರು ಸ್ವತಃ ಅಗೆಯದೆ, ಕೊಪ್ಪಳ ಮತ್ತು ಗಂಗಾವತಿಯಲ್ಲಿ ನಗರಸಭೆಗೆ, ಕುಷ್ಟಗಿಯಲ್ಲಿ ಪುರಸಭೆಗೆ, ಯಲಬುರ್ಗಾದಲ್ಲಿ ಪಟ್ಟಣ ಪಂಚಾಯಿತಿಗೆ, ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಗೆ ಲಿಖಿತವಾಗಿ ತಿಳಿಸತಕ್ಕದ್ದು.