ಜಾಲದ ಮೇಲೊಂದು ಕಡತಭಂಡಾರ

ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ೩೦ ಕಂಪ್ಯೂಟರುಗಳಿವೆಯೆಂದು ಭಾವಿಸೋಣ. ಅಧ್ಯಾಪಕರು ಸಿದ್ಧಪಡಿಸಿದ ಪಾಠದ ಟಿಪ್ಪಣಿ ಈ ಎಲ್ಲ ಯಂತ್ರಗಳಿಗೂ ತಲುಪಬೇಕು. ವಿದ್ಯಾರ್ಥಿಗಳು ಬರೆದ ಅಭ್ಯಾಸಗಳು ಅಧ್ಯಾಪಕರ ಕೈ ಸೇರಬೇಕು. ಪೆನ್‌ಡ್ರೈವೊಂದನ್ನು ಹಿಡಿದು ಯಂತ್ರದಿಂದ ಯಂತ್ರಕ್ಕೆ ಅಲೆಯುವುದು ಒಂದು ಮಾರ್ಗ. ಆದರೆ ಹಾಗೆ ಅಲೆದಂತೆಲ್ಲ ಒಂದೇ ಟಿಪ್ಪಣಿಗೆ ಹತ್ತಾರು ಪ್ರತಿಗಳು ಹುಟ್ಟಿಕೊಳ್ಳುವುವು. ಯಾವುದು ಹಳೆಯದು, ಯಾವುದು ತಿದ್ದಿದ್ದು ಎಂಬುದು ವಾರ ಕಳೆಯುವುದರೊಳಗೆ ಯಾರಿಗೂ ತಿಳಿಯದಂತಾಗುವುದು. ಒಂದು ಯಂತ್ರಕ್ಕೆ ತಗುಲಿದ ಸೋಂಕೂ ಅದೇ ದಾರಿಯಲ್ಲಿ ಉಳಿದವುಗಳಿಗೆ ಹರಡುವುದು.

ಯಂತ್ರಗಳೆಲ್ಲವೂ ಈಗಾಗಲೇ ತಂತಿಗಳಿಂದ ಒಂದೇ ಜಾಲಕ್ಕೆ ಸೇರಿರುವಾಗ ಈ ಅಲೆದಾಟವೇಕೆ? ಕಡತಗಳನ್ನು ಒಂದು ಯಂತ್ರದಲ್ಲಿಟ್ಟು, ಉಳಿದವು ಅಲ್ಲಿಂದ ಪಡೆಯುವಂತೆ ಮಾಡಬಾರದೆ? ಮಾಡಬಹುದು, ಅದು ಕಷ್ಟದ ಕೆಲಸವೂ ಅಲ್ಲ. ಕಷ್ಟವಿರುವುದು ಬೇರೊಂದೆಡೆ: ಯಾರು ಏನನ್ನು ಓದಬಹುದು, ಯಾರು ಏನನ್ನು ತಿದ್ದಬಹುದು, ಯಾರು ಏನನ್ನು ಅಳಿಸಬಹುದು ಎಂಬುದನ್ನು ಮೊದಲೇ ತೀರ್ಮಾನಿಸುವುದರಲ್ಲಿ.

ಹೀಗೆ ಕಡತಗಳನ್ನು ಕಾಯ್ದಿಟ್ಟು ಕೇಳಿದವರಿಗೆ ಒದಗಿಸುವ ಯಂತ್ರಕ್ಕೆ ಸರ್ವರ್ ಎಂದು ಹೆಸರು. ಕೇಳುವ ಯಂತ್ರ ಕ್ಲೈಂಟ್. ಸರ್ವರ್ ಬೇರೆ ಜಾತಿಯ ಯಂತ್ರವೇನೂ ಅಲ್ಲ. ಸಾಧಾರಣ ಕಂಪ್ಯೂಟರೊಂದರಲ್ಲಿ, ಬಂದ ಕೋರಿಕೆಗೆ ಉತ್ತರ ಕೊಡುವ ಪ್ರೋಗ್ರಾಂ ಹಗಲಿರುಳೂ ಎಚ್ಚರವಾಗಿದ್ದರೆ ಅದೇ ಸರ್ವರ್. ಒಂದೇ ಯಂತ್ರದಲ್ಲಿ ಇಂಥ ಹಲವು ಪ್ರೋಗ್ರಾಂಗಳಿರಬಹುದಾದ್ದರಿಂದ ಒಂದೊಂದಕ್ಕೂ ಒಂದು ಸಂಖ್ಯೆ ಗೊತ್ತಾಗಿರುವುದು. ಈ ಸಂಖ್ಯೆಯನ್ನು ಪೋರ್ಟ್ ಎನ್ನುವರು.

ಸಾಗಣೆಯೂ ಹಂಚಿಕೆಯೂ

ಗ್ರಂಥಾಲಯದ ಪುಸ್ತಕವನ್ನು ನಾವು ಎರಡು ಬಗೆಯಲ್ಲಿ ಬಳಸಬಹುದು. ಬೇಕಾದ ಪುಟಗಳನ್ನು ನಕಲು ಮಾಡಿಕೊಂಡು ಮನೆಗೆ ಒಯ್ಯಬಹುದು. ಅಥವಾ ಅಲ್ಲಿಯೇ ಕುಳಿತು ಓದಬಹುದು. ಕಡತಗಳ ವಿಷಯದಲ್ಲಿಯೂ ಹೀಗೆಯೇ. ಸಾಗಣೆಯಲ್ಲಿ ಕಡತದ ಪೂರ್ಣ ಪ್ರತಿಯೊಂದು ನಮ್ಮ ಯಂತ್ರಕ್ಕೆ ಬರುವುದು. ಅದನ್ನು ನಾವು ಹೇಗೆ ತಿದ್ದಿದರೂ ಮೂಲಕ್ಕೆ ಬಾಧೆಯಿಲ್ಲ. ಹಂಚಿಕೆಯಲ್ಲಿ ಕಡತವು ಸರ್ವರಿನಲ್ಲಿಯೇ ಉಳಿಯುವುದು; ನಮ್ಮ ಯಂತ್ರವು ಬೇಕಾದಷ್ಟು ಭಾಗವನ್ನು ತರಿಸಿಕೊಂಡು ತೋರಿಸುವುದು. ಅಲ್ಲಿ ನಾವು ಒಂದು ಪದವನ್ನು ತಿದ್ದಿದರೆ ಎಲ್ಲರಿಗೂ ತಿದ್ದಿದಂತೆ. ಅಳಿಸಿದರೆ ಎಲ್ಲರಿಗೂ ಅಳಿಸಿದಂತೆ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗುವುದು.

ಸಾಗಣೆಯ ನಿಯಮ

ಕಡತಸಾಗಣೆಯ ನಿಯಮವನ್ನು ಮೊದಲು ಬರೆದವರು ಭಾರತೀಯರೊಬ್ಬರು. ಕಾನ್ಪುರದ ಐ.ಐ.ಟಿ.ಯ ಮೊದಲ ತಂಡದ ಪದವೀಧರರಾದ ಅಭಯ್ ಭೂಷಣ್ ಅವರು ಅಮೆರಿಕೆಯ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿದ್ದಾಗ, ೧೯೭೧ರ ಏಪ್ರಿಲಿನಲ್ಲಿ ಇದನ್ನು ಪ್ರಕಟಿಸಿದರು. ಇದೇ ಎಫ್.ಟಿ.ಪಿ. ಇಂದಿನ ಇಂಟರ್‌ನೆಟ್ಟಿನ ಪೂರ್ವಜವಾದ ಆರ್ಪಾನೆಟ್ಟಿನಲ್ಲಿ ಆಗ ಇದ್ದುದು ಕೆಲವೇ ಯಂತ್ರಗಳು. ಅವೂ ಒಂದರಂತೆ ಇನ್ನೊಂದಿರಲಿಲ್ಲ. ಒಂದು ಯಂತ್ರ ಅಕ್ಷರಗಳನ್ನು ಒಂದು ಸಂಕೇತದಲ್ಲಿ ಬರೆದರೆ ಇನ್ನೊಂದು ಬೇರೊಂದು ಸಂಕೇತದಲ್ಲಿ ಬರೆಯುತ್ತಿತ್ತು. ಆದ್ದರಿಂದ ಸಾಗಣೆಗೆ ಎರಡು ವಿಧಾನಗಳು ಬೇಕಾದುವು. ಬರಹದ ಕಡತವನ್ನು ಎಲ್ಲರಿಗೂ ಒಪ್ಪಿಗೆಯಾದ ಸಂಕೇತಕ್ಕೆ ತಿರುಗಿಸಿ ಕಳುಹಿಸುವುದು ಒಂದು. ಕಡತವನ್ನು ಇದ್ದುದು ಇದ್ದಂತೆಯೇ ಕಳುಹಿಸುವುದು ಇನ್ನೊಂದು. ಚಿತ್ರದ ಕಡತವನ್ನು ತಪ್ಪಿ ಮೊದಲನೆಯ ವಿಧಾನದಲ್ಲಿ ಕಳುಹಿಸಿದರೆ, ಸಾಲಿನ ಅಂತ್ಯದಂತೆ ಕಾಣುವ ಸಂಖ್ಯೆಗಳು ದಾರಿಯಲ್ಲಿ ಬದಲಾಗಿ ಚಿತ್ರ ಕೆಟ್ಟುಹೋಗುವುದು.

ಎಫ್.ಟಿ.ಪಿ.ಗೆ ಒಂದರ ಬದಲು ಎರಡು ಸಂಪರ್ಕಗಳು ಬೇಕು. ೨೧ನೆಯ ಪೋರ್ಟಿನ ಮೂಲಕ ಮಾತುಕತೆ. ಬೇರೊಂದು ಸಂಪರ್ಕದ ಮೂಲಕ ಕಡತದ ಪ್ರಯಾಣ. ಮಾತುಕತೆಯಲ್ಲಿ ಸರ್ವರ್ ಮೂರಂಕಿಯ ಉತ್ತರಗಳನ್ನು ಕೊಡುವುದು. ೩೩೧ ಎಂದರೆ ‘ಹೆಸರು ಸರಿ, ಗುಪ್ತಪದವೆಲ್ಲಿ?’, ೨೩೦ ಎಂದರೆ ‘ಒಳಗೆ ಬರಬಹುದು’, ೨೨೬ ಎಂದರೆ ‘ಸಾಗಣೆ ಮುಗಿಯಿತು’. ಮೊದಲಂಕಿ ೨ ಆಗಿದ್ದರೆ ಕೆಲಸ ಕೈಗೂಡಿದೆ. ೪ ಆಗಿದ್ದರೆ ಅಡಚಣೆ ತಾತ್ಕಾಲಿಕ, ಮತ್ತೆ ಯತ್ನಿಸಬಹುದು. ೫ ಆಗಿದ್ದರೆ ಅದೇ ಕೋರಿಕೆಯನ್ನು ಮತ್ತೆ ಕಳುಹಿಸಿ ಫಲವಿಲ್ಲ. ಈ ಕ್ರಮವನ್ನರಿತ ವಿದ್ಯಾರ್ಥಿಯು ದೋಷವೆಲ್ಲಿದೆಯೆಂಬುದನ್ನು ಅಂಕೆಯಿಂದಲೇ ಬಹುಮಟ್ಟಿಗೆ ಊಹಿಸಬಲ್ಲನು.

ಗುಪ್ತಪದ ಗುಪ್ತವಾಗಿರದ ಕಥೆ

ಈ ನಿಯಮದಲ್ಲಿ ಒಂದು ದೊಡ್ಡ ಕೊರತೆಯಿತ್ತು. ಬಳಕೆದಾರನ ಹೆಸರೂ ಗುಪ್ತಪದವೂ ಯಾವ ಮರೆಯೂ ಇಲ್ಲದೆ ತಂತಿಯಲ್ಲಿ ಹರಿಯುತ್ತಿದ್ದುವು. ಒಬ್ಬರನ್ನೊಬ್ಬರು ಬಲ್ಲ ಸಂಶೋಧಕರ ಸಣ್ಣ ಬಳಗದಲ್ಲಿ ಅದು ಅಪಾಯವೆನಿಸಿರಲಿಲ್ಲ. ಜಾಲ ಬೆಳೆದು ಅಪರಿಚಿತರು ಸೇರಿದಂತೆ ಅದೇ ವಿಶ್ವಾಸ ಮುಳುವಾಯಿತು. ಫಿನ್‌ಲೆಂಡಿನ ಹೆಲ್ಸಿಂಕಿ ತಂತ್ರಜ್ಞಾನ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಹೊಂಚುಹಾಕಿ ಗುಪ್ತಪದಗಳನ್ನು ಕದ್ದ ಪ್ರಸಂಗ ನಡೆಯಿತು. ಅದರ ಫಲವಾಗಿ ಅಲ್ಲಿನ ಸಂಶೋಧಕ ತಾತು ಯುಲೋನೆನ್ ಅವರು ೧೯೯೫ರಲ್ಲಿ ಎಸ್.ಎಸ್.ಎಚ್. ಎಂಬ ನಿಯಮವನ್ನು ರಚಿಸಿದರು. ಇದರಲ್ಲಿ ಇಡೀ ಸಂಭಾಷಣೆಯೇ ಗೂಢಲಿಪಿಯಲ್ಲಿ ಸಾಗುವುದು. ಇದರ ಆಸರೆಯಲ್ಲಿ ಬೆಳೆದ ಸಾಗಣೆಯ ನಿಯಮವೇ ಎಸ್.ಎಫ್.ಟಿ.ಪಿ.; ಇದಕ್ಕೆ ೨೨ನೆಯ ಪೋರ್ಟಿನ ಒಂದೇ ಸಂಪರ್ಕ ಸಾಕು. ೨೦೨೧ರಲ್ಲಿ ಕ್ರೋಮ್ ಮತ್ತು ಫೈರ್‌ಫಾಕ್ಸ್ ಬ್ರೌಸರುಗಳು ಎಫ್.ಟಿ.ಪಿ.ಯನ್ನು ಕೈಬಿಟ್ಟುವು. ಹೊಸದಾಗಿ ಸರ್ವರ್ ಕಟ್ಟುವವರು ಎಸ್.ಎಫ್.ಟಿ.ಪಿ.ಯನ್ನೇ ಆರಿಸಿಕೊಳ್ಳುವುದು ಲೇಸು.

ಹಂಚಿಕೆಯ ನಿಯಮಗಳು

ಹಂಚಿಕೆಗೆ ಎರಡು ನಿಯಮಗಳು ಪ್ರಸಿದ್ಧವಾಗಿವೆ. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ ೧೯೮೪ರಲ್ಲಿ ರೂಪಿಸಿದ ಎನ್.ಎಫ್.ಎಸ್. ಯೂನಿಕ್ಸ್ ಬಳಗದ ಯಂತ್ರಗಳಲ್ಲಿ ಹೆಚ್ಚು. ಐ.ಬಿ.ಎಂ. ಸಂಸ್ಥೆಯಲ್ಲಿ ಹುಟ್ಟಿ ಮೈಕ್ರೋಸಾಫ್ಟಿನವರು ಬೆಳೆಸಿದ ಎಸ್.ಎಂ.ಬಿ. ವಿಂಡೋಸ್ ಯಂತ್ರಗಳಲ್ಲಿ ಹೆಚ್ಚು. ಈ ಎರಡು ಬಳಗಗಳ ನಡುವೆ ಸೇತುವೆ ಕಟ್ಟಿದವರು ಆಸ್ಟ್ರೇಲಿಯದ ಆಂಡ್ರ್ಯೂ ಟ್ರಿಡ್ಜೆಲ್. ಜಾಲದಲ್ಲಿ ಹರಿಯುವ ಸಂದೇಶಗಳನ್ನು ಗಮನಿಸಿ ನಿಯಮವನ್ನು ತರ್ಕದಿಂದಲೇ ಕಂಡುಕೊಂಡು, ೧೯೯೨ರ ಆರಂಭದಲ್ಲಿ ಅವರು ತಮ್ಮ ಪ್ರೋಗ್ರಾಮನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು. ಎಸ್, ಎಂ, ಬಿ ಅಕ್ಷರಗಳಿರುವ ಪದವನ್ನು ನಿಘಂಟಿನಲ್ಲಿ ಹುಡುಕಿದಾಗ ದೊರೆತ ‘ಸಾಂಬಾ’ ಎಂಬ ಹೆಸರು ಅದಕ್ಕೆ ಮುಂದೆ ನಿಂತಿತು.

ಭಂಡಾರವನ್ನು ಕಟ್ಟುವುದು

ಈಗ ನಮ್ಮ ಪ್ರಯೋಗಶಾಲೆಗೆ ಮರಳೋಣ. ಲಿನಕ್ಸ್ ಇರುವ ಒಂದು ಯಂತ್ರವನ್ನು ಆರಿಸಿ, ಅದಕ್ಕೆ ಬದಲಾಗದ ವಿಳಾಸವೊಂದನ್ನು, ಉದಾಹರಣೆಗೆ ೧೯೨.೧೬೮.೧.೧೦ ಎಂಬುದನ್ನು, ಗೊತ್ತುಮಾಡಬೇಕು. ದಿನಕ್ಕೊಂದು ಮನೆ ಬದಲಿಸುವವನಿಗೆ ಅಂಚೆ ತಲುಪುವುದೆಂತು? ಅನಂತರ ಹಂಚಿಕೆಗೆ ಸಾಂಬಾ, ಸಾಗಣೆಗೆ ಎಸ್.ಎಸ್.ಎಚ್. ಸರ್ವರ್, ಇವೆರಡನ್ನೂ ಅಳವಡಿಸಬೇಕು. ಬಳಿಕ ಅಧ್ಯಾಪಕರದೊಂದು, ವಿದ್ಯಾರ್ಥಿಗಳದೊಂದು ಎಂದು ಎರಡು ಗುಂಪುಗಳನ್ನು ಮಾಡಿ, ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ ತೆರೆಯಬೇಕು. ಲಿನಕ್ಸಿನ ಗುಪ್ತಪದವನ್ನು ಸಾಂಬಾ ತಾನಾಗಿಯೇ ಅರಿಯದು. ಅದರಲ್ಲಿಯೂ ಬೇರೆಯಾಗಿ ನೋಂದಾಯಿಸಬೇಕು. ಇದನ್ನು ಮರೆತು ಗಂಟೆಗಟ್ಟಲೆ ಪರದಾಡುವವರುಂಟು.

ಕೋಶಗಳು ಮೂರು ಇರಲಿ. ‘ಪಾಠ’ವನ್ನು ಎಲ್ಲರೂ ಓದಬಹುದು, ಅಧ್ಯಾಪಕರು ಮಾತ್ರ ಬರೆಯಬಹುದು. ‘ಅಭ್ಯಾಸ’ದಲ್ಲಿ ಪ್ರತಿ ವಿದ್ಯಾರ್ಥಿಗೂ ಒಂದೊಂದು ಒಳಕೋಶ; ಅದು ಅವನಿಗೂ ಅಧ್ಯಾಪಕರಿಗೂ ಹೊರತು ಬೇರೆಯವರಿಗೆ ತೆರೆಯದು. ‘ವಿನಿಮಯ’ದಲ್ಲಿ ಎಲ್ಲರೂ ಓದಬಹುದು, ಬರೆಯಬಹುದು. ಅನುಮತಿಯನ್ನು ಪರೀಕ್ಷಿಸುವ ಬಾಗಿಲುಗಳು ಎರಡು: ಒಂದು ಸಾಂಬಾದ್ದು, ಒಂದು ಲಿನಕ್ಸಿನ ಕಡತವ್ಯವಸ್ಥೆಯದು. ಎರಡೂ ಒಪ್ಪಿದರೆ ಮಾತ್ರ ಕೆಲಸ ನಡೆಯುವುದು. ಸಾಂಬಾದಲ್ಲಿ ಬರೆಯಲು ಅನುಮತಿಯಿದ್ದೂ ಬರೆಯಲಾಗುತ್ತಿಲ್ಲವೆಂದರೆ ಎರಡನೆಯ ಬಾಗಿಲನ್ನು ನೋಡಬೇಕು.

ವೇಗದ ಲೆಕ್ಕವನ್ನೂ ಮರೆಯಬಾರದು. ಒಂದು ಗಿಗಾಬೈಟ್ ಎಂದರೆ ೮ ಗಿಗಾಬಿಟ್. ಸೆಕೆಂಡಿಗೆ ಒಂದು ಗಿಗಾಬಿಟ್ ಒಯ್ಯುವ ತಂತಿಯಲ್ಲಿ ಅಂಥ ಕಡತಕ್ಕೆ ಕನಿಷ್ಠ ೮ ಸೆಕೆಂಡು ಬೇಕು. ಆದರೆ ೩೦ ಯಂತ್ರಗಳು ಒಮ್ಮೆಗೇ ಅದನ್ನು ಬೇಡಿದರೆ, ಸರ್ವರಿನ ಒಂದೇ ತಂತಿಯಲ್ಲಿ ೨೪೦ ಗಿಗಾಬಿಟ್ ಹಾಯಬೇಕಾಗಿ, ನಾಲ್ಕು ನಿಮಿಷ ಹಿಡಿಯುವುದು.

ಅಳಿಸುವ ಅಧಿಕಾರ ಯಾರದು?

‘ವಿನಿಮಯ’ ಕೋಶದಲ್ಲಿ ಒಂದು ಸೋಜಿಗವಿದೆ. ಒಬ್ಬ ವಿದ್ಯಾರ್ಥಿ ತನ್ನ ಕಡತವನ್ನು ಬೇರೆ ಯಾರೂ ತಿದ್ದದಂತೆ ಬಂದೋಬಸ್ತು ಮಾಡಿ ಅಲ್ಲಿಟ್ಟಿದ್ದಾನೆ. ಆದರೂ ಇನ್ನೊಬ್ಬನು ಅದನ್ನು ಅಳಿಸಿಬಿಡಬಲ್ಲನು! ಕಾರಣವಿಷ್ಟೆ: ಯೂನಿಕ್ಸ್ ಕ್ರಮದಲ್ಲಿ ಕೋಶವೆಂದರೆ ಕಡತಗಳ ಹೆಸರಿನ ಪಟ್ಟಿ. ಅಳಿಸುವುದೆಂದರೆ ಆ ಪಟ್ಟಿಯಿಂದ ಹೆಸರನ್ನು ಹೊಡೆದುಹಾಕುವುದು. ಅದಕ್ಕೆ ಬೇಕಾದುದು ಕೋಶದಲ್ಲಿ ಬರೆಯುವ ಅನುಮತಿಯೇ ಹೊರತು ಕಡತದಲ್ಲಿ ಬರೆಯುವ ಅನುಮತಿಯಲ್ಲ. ಇದನ್ನು ತಡೆಯಲು ಕೋಶಕ್ಕೆ ‘ಸ್ಟಿಕಿ ಬಿಟ್’ ಎಂಬ ಗುರುತನ್ನು ಹಾಕುವರು. ಆಗ ಕಡತದ ಒಡೆಯ, ಕೋಶದ ಒಡೆಯ ಮತ್ತು ಮೇಲ್ವಿಚಾರಕನ ಹೊರತು ಬೇರೆಯವರು ಆ ಹೆಸರನ್ನು ತೆಗೆಯಲಾರರು.

ಕೆಲಸ ಮುಗಿದ ಮೇಲೆ ಪರೀಕ್ಷೆ. ಆಗಬೇಕಾದುದು ಆಗುವುದೆ ಎಂದು ಎಲ್ಲರೂ ನೋಡುವರು; ಆಗಬಾರದುದು ಆಗುವುದೆ ಎಂದು ನೋಡುವವರು ವಿರಳ. ವಿದ್ಯಾರ್ಥಿಯ ಖಾತೆಯಿಂದ ಪ್ರವೇಶಿಸಿ, ಇನ್ನೊಬ್ಬನ ಅಭ್ಯಾಸವನ್ನು ತೆರೆಯಲು, ಪಾಠವನ್ನು ತಿದ್ದಲು ಬುದ್ಧಿಪೂರ್ವಕವಾಗಿ ಯತ್ನಿಸಬೇಕು. ಆ ಯತ್ನ ವಿಫಲವಾದರೆ ನಮ್ಮ ಕೆಲಸ ಸಫಲ.

ಇಂಥ ಭಂಡಾರದ ಬಾಗಿಲನ್ನು ಇಂಟರ್‌ನೆಟ್ಟಿನ ಕಡೆಗೆ ತೆರೆದಿಡಕೂಡದು. ೨೦೧೭ರ ಮೇ ೧೨ರಂದು ಹಬ್ಬಿದ ‘ವಾನಾಕ್ರೈ’ ಎಂಬ ಪಿಡುಗು ವಿಂಡೋಸಿನ ಹಳೆಯ ಎಸ್.ಎಂ.ಬಿ.ಯ ಲೋಪವೊಂದನ್ನು ಹಿಡಿದೇ ಯಂತ್ರದಿಂದ ಯಂತ್ರಕ್ಕೆ ನುಗ್ಗಿತು. ಕಡತಗಳನ್ನು ಗೂಢಲಿಪಿಯಲ್ಲಿ ಬಂಧಿಸಿ ಬಿಡುಗಡೆಗೆ ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಆ ಲೋಪಕ್ಕೆ ಪರಿಹಾರವು ಅದೇ ವರ್ಷದ ಮಾರ್ಚಿಯಲ್ಲಿಯೇ ಪ್ರಕಟವಾಗಿತ್ತೆಂಬುದೇ ಶೋಚನೀಯ. ಅದನ್ನು ಅಳವಡಿಸದಿದ್ದವರು ಪೆಟ್ಟು ತಿಂದರು. ಆದ್ದರಿಂದ ಎಸ್.ಎಂ.ಬಿ.ಯ ಮೊದಲನೆಯ ಆವೃತ್ತಿಯನ್ನು ನಿಲ್ಲಿಸಿಡಬೇಕು. ಪರಿಷ್ಕರಣಗಳನ್ನು ಬಂದಂತೆ ಅಳವಡಿಸಬೇಕು.

ಕೊನೆಯದಾಗಿ, ಹಂಚಿಕೆಯ ಭಂಡಾರವೇ ಕಾಪುಪ್ರತಿಯೆಂದು ಭ್ರಮಿಸಬಾರದು. ಎಲ್ಲರೂ ನೋಡುತ್ತಿರುವುದು ಒಂದೇ ಪ್ರತಿಯನ್ನು. ಆ ಡಿಸ್ಕ್ ಕೆಟ್ಟರೆ ೩೦ ಯಂತ್ರಗಳಲ್ಲಿಯೂ ಅದು ಇಲ್ಲವಾಗುವುದು. ಪ್ರತಿ ರಾತ್ರಿ ಇನ್ನೊಂದು ಡಿಸ್ಕಿಗೆ ಪ್ರತಿ ತೆಗೆದು, ಅದನ್ನು ಜಾಲದಿಂದ ಬೇರ್ಪಡಿಸಿ ಇಡಬೇಕು. ಎಂದಾದರೊಮ್ಮೆ ಆ ಪ್ರತಿಯಿಂದ ಕಡತವೊಂದನ್ನು ಮರಳಿ ತೆಗೆದೂ ನೋಡಬೇಕು. ಹಾಗೆ ತೆಗೆದು ನೋಡದ ಪ್ರತಿಯು ಇದ್ದೂ ಇಲ್ಲದಂತೆಯೇ ಸರಿ.