ಮನೆ ಎಷ್ಟು? ಒಲೆ ಎಷ್ಟು?

ಮಕ್ಕಳೇ, ಒಂದು ಊರು ದೊಡ್ಡದೋ ಚಿಕ್ಕದೋ ಎಂದು ತಿಳಿಯಲು ನೀವು ಏನು ಕೇಳುತ್ತೀರಿ? "ಎಷ್ಟು ಜನ ಇದ್ದಾರೆ?" ಎಂದು ಕೇಳುತ್ತೀರಿ. ನಿಮ್ಮ ತಾತನನ್ನು ಕೇಳಿ ನೋಡಿ, ಅವರ ಉತ್ತರ ಬೇರೆ ಇರುತ್ತದೆ. ನಮ್ಮ ಮಂಡ್ಯದ ಕಡೆ ಹಳಬರು ಊರಿನ ಗಾತ್ರ ಹೇಳುವಾಗ ತಲೆ ಎಣಿಸುತ್ತಿರಲಿಲ್ಲ. "ಅದು ಅರವತ್ತು ಒಕ್ಕಲಿನ ಊರು ಕಣಪ್ಪ" ಎನ್ನುತ್ತಿದ್ದರು. ಒಕ್ಕಲು ಎಂದರೆ ಒಂದು ಕುಟುಂಬ, ಒಂದು ಒಲೆ. ಅಣ್ಣತಮ್ಮಂದಿರು ಒಂದೇ ತೊಟ್ಟಿಮನೆಯಲ್ಲಿದ್ದರೂ ಒಲೆ ಬೇರೆಯಾದ ದಿನ ಒಂದು ಒಕ್ಕಲು ಎರಡಾಗುತ್ತಿತ್ತು.

ಹಳಬರ ಈ ಲೆಕ್ಕ ಹಳ್ಳಿಗೆ ಮಾತ್ರ ಅಲ್ಲ, ಮಹಾನಗರಕ್ಕೂ ಬೇಕು. ನಲವತ್ತು ವರ್ಷ ಬ್ಯಾಂಕಿನ ಲೆಡ್ಜರಿನಲ್ಲಿ ಅಂಕಿ ಕೂಡಿಸಿದವನು ನಾನು. ಅಂಕಿ ಸುಳ್ಳು ಹೇಳುವುದಿಲ್ಲ, ಆದರೆ ಯಾವುದನ್ನು ಎಣಿಸಿದ್ದು ಎಂದು ಕೇಳದಿದ್ದರೆ ಅದು ನಿಜವನ್ನೂ ಪೂರ್ತಿ ಹೇಳುವುದಿಲ್ಲ. ಇದಕ್ಕೆ ನಮ್ಮ ಶ್ರೀರಂಗಪಟ್ಟಣಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಡಾಕ್ಟರು ಬರೆದಿಟ್ಟ ಲೆಕ್ಕ

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು, ಟಿಪ್ಪು ಸುಲ್ತಾನ ಮಡಿದ. ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿ ಒಬ್ಬ ಡಾಕ್ಟರನ್ನು ಈ ಸೀಮೆ ನೋಡಿ ಬರಲು ಕಳಿಸಿದ. ಅವನ ಹೆಸರು ಫ್ರಾನ್ಸಿಸ್ ಬುಕಾನನ್. ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರುಗಳನ್ನೆಲ್ಲ ಸುತ್ತಿದ. ಯಾವ ಊರಿನಲ್ಲಿ ಯಾವ ಬೆಳೆ, ಯಾರು ನೇಯುತ್ತಾರೆ, ಯಾರು ಕಬ್ಬಿಣ ಕರಗಿಸುತ್ತಾರೆ ಎಂದು ಕೇಳಿ ಕೇಳಿ ಬರೆದುಕೊಂಡ. 1807ರಲ್ಲಿ ಅದು ಮೂರು ಸಂಪುಟಗಳ ಪುಸ್ತಕವಾಯಿತು.

ಶ್ರೀರಂಗಪಟ್ಟಣಕ್ಕೆ ಬಂದಾಗ ಅವನು ಬರೆದ ಲೆಕ್ಕ ಹೀಗಿದೆ. ಕೋಟೆಯೊಳಗೆ 4,163 ಮನೆ, 5,499 ಕುಟುಂಬ. ದ್ವೀಪದ ಪೂರ್ವಕ್ಕಿರುವ ಪೇಟೆ ಶಹರ್ ಗಂಜಾಂನಲ್ಲಿ 2,216 ಮನೆ, 3,335 ಕುಟುಂಬ. ಮನೆಗೆ ಐದು ಜನರಂತೆ ಹಿಡಿದರೆ ಕೋಟೆಯಲ್ಲಿ 20,815, ಗಂಜಾಂನಲ್ಲಿ 11,080, ಒಟ್ಟು 31,895 ಜನ. ಇಂದಿಗೂ ಅನೇಕ ಪುಸ್ತಕಗಳಲ್ಲಿ ಆ ಕಾಲದ ಶ್ರೀರಂಗಪಟ್ಟಣದ ಜನಸಂಖ್ಯೆ ಎಂದು ಸಿಗುವುದು ಇದೇ ಅಂಕಿ.

ಈಗ ಪೆನ್ಸಿಲ್ ತಗೊಳ್ಳಿ. ಮನೆಗಿಂತ ಕುಟುಂಬ ಜಾಸ್ತಿ ಇರುವುದನ್ನು ಗಮನಿಸಿದಿರಾ? ಕೋಟೆಯಲ್ಲಿ ಮೂರು ಮನೆಗೆ ಹತ್ತಿರ ಹತ್ತಿರ ನಾಲ್ಕು ಕುಟುಂಬ. ಗಂಜಾಂನಲ್ಲಿ ಎರಡು ಮನೆಗೆ ಮೂರು ಕುಟುಂಬ. ಅಂದರೆ ಗಂಜಾಂನ ಒಂದೊಂದು ಸೂರಿನ ಕೆಳಗೆ ಒಂದೂವರೆ ಒಲೆ! ಅದೇ ಐದನ್ನು ಮನೆಗೆ ಬದಲು ಕುಟುಂಬಕ್ಕೆ ಹಾಕಿ ಗುಣಿಸಿ. ಕೋಟೆಯಲ್ಲಿ 27,495, ಗಂಜಾಂನಲ್ಲಿ 16,675, ಒಟ್ಟು 44,170 ಆಗುತ್ತದೆ. ಎರಡೂ ಲೆಕ್ಕಕ್ಕೆ ವ್ಯತ್ಯಾಸ 12,275. ಆ ಕಾಲಕ್ಕೆ ಅದೇ ಒಂದು ದೊಡ್ಡ ಪಟ್ಟಣದಷ್ಟು ಜನ.

ಯುದ್ಧ ಮುಗಿದ ಮರುವರ್ಷ ಅದು. ಕುಟುಂಬಕ್ಕೆ ಐದು ಜನ ಉಳಿದಿದ್ದರೇ, ಇಲ್ಲವೇ ದುಡಿಯುವ ಗಂಡಸನ್ನು ಕಳಕೊಂಡು ನಾಲ್ಕೇ ಆಗಿದ್ದರೇ? ಹಾಗಾಗಿದ್ದರೆ ನಿಜವಾದ ಸಂಖ್ಯೆ ಈ ಎರಡರ ನಡುವೆ ಎಲ್ಲೋ ಇರಬೇಕು. ಮನೆ ಎಣಿಸಿದರೆ ಒಂದು ಊರು, ಒಲೆ ಎಣಿಸಿದರೆ ಇನ್ನೊಂದು ಊರು ಎಂಬುದಂತೂ ಖಂಡಿತ.

ಕೋಟೆ ಉಳಿಯಿತು, ಒಕ್ಕಲು ಹೋಯಿತು

ಟಿಪ್ಪುವಿನ ಕಾಲದಲ್ಲಿ ಈ ದ್ವೀಪದಲ್ಲಿ ಒಂದೂವರೆ ಲಕ್ಷ ಜನ ಇದ್ದಿರಬೇಕು ಎಂದು ಹಿಂದಿನವರು ಅಂದಾಜು ಮಾಡಿದ್ದಾರೆ. ಅವರೆಲ್ಲ ಇಲ್ಲಿಯವರೇ ಅಲ್ಲ. ಗಂಜಾಂ ತುಂಬಲು ಸಿರಾ ಪಟ್ಟಣದಿಂದ 12 ಸಾವಿರ ಕುಟುಂಬಗಳನ್ನು ಬಲವಂತವಾಗಿ ಕರೆತಂದರು ಎಂದು ಗೆಜೆಟಿಯರ್‌ಗಳು ಹೇಳುತ್ತವೆ. ಲೆಕ್ಕ ಕುಟುಂಬದಲ್ಲಿದೆ ನೋಡಿ, ತಲೆಯಲ್ಲಿ ಅಲ್ಲ. ನಗರ ಕಟ್ಟಬೇಕೆಂದರೆ ಒಂಟಿ ಆಳು ಬಂದರೆ ಸಾಲದು, ಒಲೆ ಸಮೇತ ಬರಬೇಕು. ಪಕ್ಕದ ಪಾಂಡವಪುರದ ಬಳಿ ಫ್ರೆಂಚ್ ಸಿಪಾಯಿಗಳ ಬಿಡಾರವಿತ್ತು. ಆ ಊರನ್ನು ಬಹಳ ಕಾಲ ಫ್ರೆಂಚ್ ರಾಕ್ಸ್ ಎಂದೇ ಕರೆಯುತ್ತಿದ್ದರು. ಬಿಡಾರದವರು ಯುದ್ಧದೊಂದಿಗೆ ಹೋದರು, ಹೆಸರು ಮಾತ್ರ ಉಳಿದಿತ್ತು.

1799ರ ನಂತರ ರಾಜಧಾನಿ ಮೈಸೂರಿಗೆ ಹೋಯಿತು. ದ್ವೀಪದ ಚಳಿಜ್ವರ ತಾಳಲಾರದೆ ಇಂಗ್ಲಿಷರ ಸೈನ್ಯವೂ ಬೆಂಗಳೂರಿನ ದಂಡಿಗೆ ಹೊರಟಿತು. ಅರಮನೆ ಹೋದ ಮೇಲೆ ಅರಮನೆಗೆ ಬಟ್ಟೆ ಹೊಲಿಯುವವರು ಹೋದರು, ಸೈನ್ಯ ಹೋದ ಮೇಲೆ ಸೈನ್ಯಕ್ಕೆ ಅಕ್ಕಿ ಮಾರುವವರು ಹೋದರು. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗು ಬಂತು. 1901ರ ಗಣತಿಯಲ್ಲಿ ಶ್ರೀರಂಗಪಟ್ಟಣದಲ್ಲಿ ಉಳಿದದ್ದು ಎಂಟೂವರೆ ಸಾವಿರದಷ್ಟು ಜನ. 2011ರಲ್ಲಿ ಸುಮಾರು 25 ಸಾವಿರ. ಇನ್ನೂರು ವರ್ಷ ಕಳೆದರೂ ಬುಕಾನನ್ ಬರೆದ 31,895ನ್ನು ಊರು ಇನ್ನೂ ಮುಟ್ಟಿರಲಿಲ್ಲ!

ಕೋಟೆ ಗೋಡೆ ಇದೆ, ರಂಗನಾಥಸ್ವಾಮಿ ದೇವಸ್ಥಾನ ಇದೆ, ಜುಮ್ಮಾ ಮಸೀದಿ ಇದೆ, ಕಾವೇರಿ ಎರಡೂ ಕಡೆ ಹರಿಯುತ್ತಾಳೆ. ಆದರೂ ಮಹಾನಗರ ಇಲ್ಲ. ನಗರ ಅಂದರೆ ಕಲ್ಲುಗೋಡೆಯಲ್ಲ, ಅದರೊಳಗೆ ಉರಿಯುವ ಒಲೆಗಳು.

ನಾಲ್ಕು ಜನರ ಬೆಂಗಳೂರು

ಆ ಒಲೆಗಳು ಈಗ ಎಲ್ಲಿ ಉರಿಯುತ್ತಿವೆ? ಬೆಂಗಳೂರನ್ನು ನೋಡಿ. 1941ರಲ್ಲಿ ಅಲ್ಲಿ ಸುಮಾರು 4 ಲಕ್ಷ ಜನ. ಹತ್ತೇ ವರ್ಷದಲ್ಲಿ, 1951ಕ್ಕೆ, ಸುಮಾರು 7 ಲಕ್ಷ 79 ಸಾವಿರ. 2011ರ ಗಣತಿಯಲ್ಲಿ ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲೇ 84,43,675 ಜನ. ಅಲ್ಲಿನ ಕುಟುಂಬಗಳು ಸುಮಾರು 21 ಲಕ್ಷ. ಭಾಗಿಸಿ ನೋಡಿ, ಕುಟುಂಬಕ್ಕೆ ಸರಾಸರಿ ನಾಲ್ಕು ಜನ. ಇಡೀ ಕರ್ನಾಟಕದ ಸರಾಸರಿ ಆಗ 4.6 ಇತ್ತು.

ಹಾಗಾದರೆ ಬೆಂಗಳೂರಿನ ಮನೆ ಎಂದರೆ ಅಪ್ಪ, ಅಮ್ಮ, ಇಬ್ಬರು ಮಕ್ಕಳು ಎಂದು ತೀರ್ಮಾನ ಮಾಡಬೇಡಿ. ಸರಾಸರಿ ಎಂಬುದು ಬಲು ತುಂಟ. ಒಂದು ಕಟ್ಟಡದಲ್ಲಿ ನಾಲ್ಕು ಕುಟುಂಬ ಇವೆ ಎನ್ನಿ. ಮೊದಲನೆಯದರಲ್ಲಿ ಒಬ್ಬಳೇ ಅಜ್ಜಿ. ಎರಡನೆಯದರಲ್ಲಿ ಈಗಷ್ಟೇ ಮದುವೆಯಾದ ಗಂಡ ಹೆಂಡತಿ. ಮೂರನೆಯದರಲ್ಲಿ ನಾಲ್ಕು ಜನ. ನಾಲ್ಕನೆಯದರಲ್ಲಿ ಅಣ್ಣತಮ್ಮಂದಿರ ಸಂಸಾರ ಸೇರಿ ಒಂಬತ್ತು ಜನ. ಒಟ್ಟು 16, ಸರಾಸರಿ ನಾಲ್ಕು. ನಿಜವಾಗಿ ನಾಲ್ಕು ಜನ ಇರುವುದು ಒಂದೇ ಮನೆಯಲ್ಲಿ! ಸರಾಸರಿಯನ್ನಷ್ಟೇ ನೋಡುವ ಅಧಿಕಾರಿಗೆ ಆ ಒಂಟಿ ಅಜ್ಜಿ ಕಾಣುವುದಿಲ್ಲ. ಆಕೆಗೆ ಔಷಧಿ ತಂದುಕೊಡುವವರು ಯಾರು ಎಂಬ ಪ್ರಶ್ನೆಯೂ ಏಳುವುದಿಲ್ಲ.

ಒಂದು ಖಾತೆಯ ಖರ್ಚು, ಇನ್ನೊಂದರ ಜಮೆ

ಈಗ ನಮ್ಮ ಜಿಲ್ಲೆಯ ಲೆಕ್ಕಕ್ಕೆ ಬನ್ನಿ. 2001ರಲ್ಲಿ ಮಂಡ್ಯ ಜಿಲ್ಲೆಯಲ್ಲಿ 17,63,705 ಜನ, 2011ರಲ್ಲಿ 18,05,769. ಹತ್ತು ವರ್ಷದಲ್ಲಿ ಏರಿದ್ದು 42,064 ಮಾತ್ರ. ಅದೇ ಹತ್ತು ವರ್ಷದಲ್ಲಿ ಬೆಂಗಳೂರು ನಗರ ಜಿಲ್ಲೆ 65,37,124ರಿಂದ 96,21,551ಕ್ಕೆ ಏರಿತು. ಮೂವತ್ತು ಲಕ್ಷ ದಾಟಿದ ಏರಿಕೆ.

ಮಂಡ್ಯದಲ್ಲಿ ಮನೆಮನೆಗೆ ಮಕ್ಕಳ ಸಂಖ್ಯೆ ಕಡಿಮೆಯಾದದ್ದು ಒಂದು ಕಾರಣ. ಬೆಳೆದ ಮಕ್ಕಳು ಬಸ್ಸು ಹತ್ತಿದ್ದು ಇನ್ನೊಂದು ಕಾರಣ. ಇನ್ನೊಂದು ಅಂಕಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. 2011ರಲ್ಲಿ ಮಂಡ್ಯದಲ್ಲಿ ಸಾವಿರ ಗಂಡಸರಿಗೆ 995 ಹೆಂಗಸರಿದ್ದರು. ಬೆಂಗಳೂರಿನಲ್ಲಿ 916. ದುಡಿಯುವ ಗಂಡಸರು ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ವಿಶ್ವೇಶ್ವರಯ್ಯ ನಾಲೆಯ ನೀರು ಬಂದ ಕಡೆ ಕಬ್ಬು, ಭತ್ತ ಬೆಳೆದರು. ನೀರು ಸಾಲದ ನಾಗಮಂಗಲ, ಕೆ.ಆರ್.ಪೇಟೆ ಕಡೆಯವರು ಬೆಂಗಳೂರಿಗೆ ಮಾತ್ರವಲ್ಲ, ಮುಂಬೈಗೂ ಹೋದರು. 2020ರ ಮೇ ತಿಂಗಳಲ್ಲಿ ಕೊರೊನಾ ಕಾಲದಲ್ಲಿ ಮುಂಬೈನಿಂದ ಈ ತಾಲ್ಲೂಕುಗಳಿಗೆ ಮರಳಿದವರ ಸುದ್ದಿ ದಿನಾ ಪತ್ರಿಕೆಯಲ್ಲಿ ಬರುತ್ತಿತ್ತು. ಇಷ್ಟೊಂದು ಜನ ನಮ್ಮವರು ಅಲ್ಲಿದ್ದರೇ ಎಂದು ಊರಿಗೆ ಊರೇ ಬೆರಗಾಯಿತು.

ಇಂಥ ಒಂದು ಸಂಸಾರ ಕಣ್ಣ ಮುಂದೆ ತಂದುಕೊಳ್ಳಿ. ತಾತ, ಅಜ್ಜಿ ನಾಗಮಂಗಲದ ಹಳ್ಳಿಯಲ್ಲಿ. ಮಗ, ಸೊಸೆ, ಚಿಕ್ಕ ಮೊಮ್ಮಗ ಬೆಂಗಳೂರಿನ ಲಗ್ಗೆರೆಯ ಬಾಡಿಗೆ ಮನೆಯಲ್ಲಿ. ದೊಡ್ಡ ಮೊಮ್ಮಗಳು ಮೈಸೂರಿನ ಹಾಸ್ಟೆಲಿನಲ್ಲಿ. ಗಣತಿಯವರ ಪುಸ್ತಕದಲ್ಲಿ ಇವರು ಮೂರು ಕಡೆ ಬರುತ್ತಾರೆ. ಆದರೆ ಲಗ್ಗೆರೆಯ ಒಲೆಯಲ್ಲಿ ಬೇಯುವ ರಾಗಿ ಹಿಟ್ಟು ತಾತನ ಹೊಲದ್ದು. ತಾತನ ಕಣ್ಣಿನ ಆಪರೇಷನ್ನಿಗೆ ದುಡ್ಡು ಬರುವುದು ಲಗ್ಗೆರೆಯಿಂದ. ಯುಗಾದಿಗೆ ಎಲ್ಲರೂ ಸೇರಿದಾಗ "ನಿಮ್ಮದು ಎಷ್ಟು ಮನೆ?" ಎಂದು ಕೇಳಿದರೆ ಅಜ್ಜಿ ಏನು ಹೇಳುತ್ತಾರೆ? "ಒಂದೇ ಕಣ್ ಮಗ" ಎನ್ನುತ್ತಾರೆ.

ನಿಮ್ಮನ್ನು ಇನ್ನೂ ಎಣಿಸಿಲ್ಲ!

ಮಕ್ಕಳೇ, ನಿಮಗೊಂದು ಸೋಜಿಗದ ವಿಷಯ. ನೀವು 2011ರ ಮಾರ್ಚಿನ ನಂತರ ಹುಟ್ಟಿದವರಾದರೆ ದೇಶದ ಜನಗಣತಿಯಲ್ಲಿ ನಿಮ್ಮ ಹೆಸರು ಇಲ್ಲ. 2021ರಲ್ಲಿ ಆಗಬೇಕಿದ್ದ ಗಣತಿ ಕೊರೊನಾದಿಂದ ಮುಂದಕ್ಕೆ ಹೋಯಿತು. ಹೊಸ ಗಣತಿಗೆ ಸರ್ಕಾರ ಗೊತ್ತು ಮಾಡಿದ ದಿನ 2027ರ ಮಾರ್ಚ್ 1. ಮೊದಲ ಹಂತದಲ್ಲಿ ಮನೆಗಳ ಪಟ್ಟಿ, ಎರಡನೆಯ ಹಂತದಲ್ಲಿ ಜನರ ಎಣಿಕೆ.

ಎಣಿಸದಿದ್ದರೆ ನಷ್ಟವೇನು ಎನ್ನುತ್ತೀರಾ? ಆಹಾರ ಭದ್ರತಾ ಕಾಯ್ದೆಯಲ್ಲಿ ಯಾವ ರಾಜ್ಯದ ಎಷ್ಟು ಜನಕ್ಕೆ ರೇಷನ್ ಎಂದು ಹಂಚಿರುವುದು 2011ರ ಜನಸಂಖ್ಯೆಯ ಮೇಲೆ. ಶಾಲೆ, ಆಸ್ಪತ್ರೆ, ಕುಡಿಯುವ ನೀರು, ಎಲ್ಲಕ್ಕೂ ಜನಸಂಖ್ಯೆಯೇ ಅಳತೆಗೋಲು. ಲೆಕ್ಕದಲ್ಲಿ ಇಲ್ಲದವರಿಗೆ ಪಾಲೂ ಇಲ್ಲ.

ಕುಟುಂಬ ಎಂದರೇನು ಎಂಬುದಕ್ಕೆ ಗಣತಿಯವರ ನಿಯಮ ನಮ್ಮ ಹಳಬರದೇ! ಮಾಮೂಲಾಗಿ ಒಟ್ಟಿಗೆ ಬಾಳುವ, ಒಂದೇ ಅಡುಗೆಮನೆಯ ಊಟ ಮಾಡುವ ಜನ ಒಂದು ಕುಟುಂಬ. ಒಂದು ಸೂರಿನಡಿ ಎರಡು ಅಡುಗೆಮನೆ ಇದ್ದರೆ ಎರಡು ಕುಟುಂಬ. ಹಾಸ್ಟೆಲಿನಲ್ಲಿ ಇರುವವರನ್ನು ಹಾಸ್ಟೆಲಿನಲ್ಲೇ ಎಣಿಸುತ್ತಾರೆ. ಸೂರೇ ಇಲ್ಲದವರನ್ನೂ ಬಿಡುವುದಿಲ್ಲ. 2011ರಲ್ಲಿ ಅವರಿಗಾಗಿ ಫೆಬ್ರುವರಿ 28ರ ರಾತ್ರಿಯನ್ನೇ ಮೀಸಲಿಟ್ಟಿದ್ದರು.

ತಾತ ಅಜ್ಜಿಯರೇ, ನಿಮಗೊಂದು ಮಾತು. ಆರು ತಿಂಗಳು ಊರು, ಆರು ತಿಂಗಳು ಮಗನ ಮನೆ ಎಂದು ಓಡಾಡುವವರು ನಮ್ಮಲ್ಲಿ ಬಹಳ. ಗಣತಿಯವರು ಹಳ್ಳಿಗೆ ಬಂದಾಗ ಪಕ್ಕದ ಮನೆಯವರು "ಅವರು ಬೆಂಗಳೂರಲ್ಲವ್ರೆ" ಎನ್ನುತ್ತಾರೆ. ಬೆಂಗಳೂರಿನಲ್ಲಿ ಮಗ "ಅವರು ಊರಲ್ಲಿರ್ತಾರೆ" ಎನ್ನುತ್ತಾನೆ. ಎರಡೂ ಕಡೆ ಬಿಟ್ಟುಹೋಗುತ್ತದೆ. ಮಗ ಸೊಸೆಯ ಜೊತೆ ಮೊದಲೇ ಮಾತಾಡಿಕೊಂಡು ಒಂದು ಕಡೆ, ಒಂದೇ ಕಡೆ, ಬರೆಸಿ. ಎರಡು ಕಡೆ ಬರೆಸಿದರೂ ಲೆಕ್ಕ ಕೆಡುತ್ತದೆ.

ಕೊನೆಯದಾಗಿ ಮಕ್ಕಳಿಗೆ ಒಂದು ಕೆಲಸ. ಈ ಭಾನುವಾರ ಒಂದು ಹಾಳೆಯಲ್ಲಿ ಎರಡು ಪಟ್ಟಿ ಮಾಡಿ. ಎಡಗಡೆ, ಅಜ್ಜಿ ಹತ್ತು ವರ್ಷದ ಹುಡುಗಿಯಾಗಿದ್ದಾಗ ಅವರ ಮನೆಯ ಒಂದೇ ಒಲೆಯಲ್ಲಿ ಯಾರು ಯಾರು ಉಣ್ಣುತ್ತಿದ್ದರು ಎಂದು ಕೇಳಿ ಬರೆಯಿರಿ. ದೊಡ್ಡಪ್ಪ, ಚಿಕ್ಕಮ್ಮ, ಮನೆಯಲ್ಲೇ ಇದ್ದ ಸೋದರತ್ತೆ, ಯಾರನ್ನೂ ಬಿಡಬೇಡಿ. ಬಲಗಡೆ, ಆ ಮನೆಯವರ ಮಕ್ಕಳು ಮೊಮ್ಮಕ್ಕಳು ಇಂದು ಎಷ್ಟು ಊರಿನಲ್ಲಿ, ಎಷ್ಟು ಒಲೆಗಳಲ್ಲಿ ಉಣ್ಣುತ್ತಿದ್ದಾರೆ ಎಂದು ಬರೆಯಿರಿ. ಫೋನು ಮಾಡಿ ಕೇಳಬೇಕಾದವರಿಗೆ ಫೋನು ಮಾಡಿ. ಒಂದೇ ಸಂಜೆಯಲ್ಲಿ ಮುಗಿಯುವ ಕೆಲಸವಲ್ಲ, ಮುಗಿಯುವುದೂ ಬೇಡ. ಅಜ್ಜಿಗೆ ಮರೆತುಹೋದ ಹೆಸರು ರಾತ್ರಿ ಊಟದ ಹೊತ್ತಿಗೆ ನೆನಪಾಗುತ್ತದೆ, ಹಾಳೆಯನ್ನು ಕೈಗೆ ಸಿಗುವ ಹಾಗೆ ಇಟ್ಟಿರಿ.